ಐರಿಶ್ ಮದುವೆಯ ನಂಬಿಕೆಗಳ ಕುರಿತು

ಮದುವೆಯ ಹಿಂದಿನ ರಾತ್ರಿ ನಿಮ್ಮ ಸಹೋದ್ಯೋಗಿಯ ತಾಯಿ ಒಂದು ಪುಟ್ಟ ಮೂರ್ತಿಯನ್ನು ಹಿತ್ತಲ ಬೇಲಿಯ ಬುಡದಲ್ಲಿ ಇಡಲಿದ್ದಾರೆಂದು ಕೇಳಿ ಅಚ್ಚರಿಪಟ್ಟು, ಇವರು ಇದನ್ನೆಲ್ಲ ನಿಜವಾಗಿ ನಂಬುತ್ತಾರೆಯೇ, ಅತಿಥಿಗಳಾಗಿ ನಾವು ಹೇಗಿರಬೇಕು ಎಂದು ವಿಚಾರಿಸಿದ್ದೀರಿ. ಅದು ಪ್ರಾಗ್ ನಗರದ ಚರ್ಚೊಂದರಲ್ಲಿರುವ ಬಾಲಯೇಸುವಿನ ಪ್ರತಿಮೆಯ ಪ್ರತಿರೂಪ. ಮರುದಿನ ಮಳೆ ಬಾರದಿರಲೆಂದು ಅದನ್ನು ಹೊರಗಿಡುತ್ತಾರೆ. ಮೂರ್ತಿಯ ತಲೆ ತಾನಾಗಿ ಮುರಿದಿದ್ದರೆ ಇನ್ನೂ ಒಳ್ಳೆಯದೆಂದು ಹಲವರು ಹೇಳುತ್ತಾರೆ, ಆದರೆ ಬೇಕೆಂದೇ ಮುರಿಯುವಂತಿಲ್ಲ. ಇದನ್ನು ಅವರು ನಗುತ್ತಲೇ ಹೇಳುತ್ತಾರೆ, ಆದರೂ ಇಡುವುದನ್ನು ಮಾತ್ರ ಮರೆಯುವುದಿಲ್ಲ. ಅವರಿಗಿಂತ ಮೊದಲು ನೀವು ನಗದಿದ್ದರೆ ಸಾಕು.

ನಮ್ಮಲ್ಲಿ ಆಷಾಢದಲ್ಲಿ ಮದುವೆ ಮಾಡದಂತೆ, ಇಲ್ಲಿ ಈಸ್ಟರ್‌ಗೆ ಮುಂಚಿನ ಉಪವಾಸ ಕಾಲದಲ್ಲಿ ಚರ್ಚ್ ವಿವಾಹ ನಡೆಸುತ್ತಿರಲಿಲ್ಲ. ಹೀಗಾಗಿ ಉಪವಾಸಕ್ಕೆ ಹಿಂದಿನ ಮಂಗಳವಾರದೊಳಗೆ ಹಳ್ಳಿಗಳಲ್ಲಿ ಮದುವೆಗಳ ನೂಕುನುಗ್ಗಲು. ಅಷ್ಟರಲ್ಲಿ ಜೋಡಿ ಸಿಗದೆ ಉಳಿದವರ ಕೋಟಿನ ಬೆನ್ನಿಗೆ ಉಪವಾಸದ ಮೊದಲ ಭಾನುವಾರ ಹುಡುಗರು ಸೀಮೆಸುಣ್ಣದ ಗೆರೆ ಎಳೆಯುತ್ತಿದ್ದರು. ನೈಋತ್ಯ ಐರ್ಲೆಂಡಿನ ಕೆರ್ರಿ ಮತ್ತು ಕಾರ್ಕ್ ಸೀಮೆಯ ಕುಚೋದ್ಯ ಇನ್ನೂ ಒಂದು ಹೆಜ್ಜೆ ಮುಂದೆ: ಸಮುದ್ರದ ನಡುವಿನ ಸ್ಕೆಲಿಗ್ ಬಂಡೆಯಲ್ಲಿ ಹಳೆಯ ಪಂಚಾಂಗವೇ ನಡೆಯುವುದರಿಂದ ಉಪವಾಸ ತಡವಾಗಿ ಆರಂಭವಾಗುತ್ತದೆಂದು ಹೇಳಿ, ಯಾವ ಅವಿವಾಹಿತ ಯಾರ ಜೊತೆ ಮದುವೆಯಾಗಲು ಅಲ್ಲಿಗೆ ದೋಣಿ ಹತ್ತಬೇಕೆಂಬ ಪಟ್ಟಿಯನ್ನು ಹಾಸ್ಯಪದ್ಯವಾಗಿ ಕಟ್ಟಿ ಊರೆಲ್ಲ ಹಂಚುತ್ತಿದ್ದರು. ಪದ್ಯದಲ್ಲಿ ಹೆಸರು ಬಂದವರಿಗೆ ಅದು ಅಷ್ಟೇನೂ ಹಾಸ್ಯವಾಗಿದ್ದಿರಲಾರದು.

ಶನಿವಾರ ಮದುವೆಗೆ ಲೆಕ್ಕಕ್ಕೇ ಇಲ್ಲದ ದಿನವೆಂದೂ ಶುಕ್ರವಾರ ಕಷ್ಟ ತರುತ್ತದೆಂದೂ ಹಳೆಯ ಪ್ರಾಸಪದ್ಯ ಸಾರುತ್ತದೆ. ಈಗ ಹೆಚ್ಚಿನ ಮದುವೆಗಳು ನಡೆಯುವುದು ಆ ಎರಡೇ ದಿನ. ರಜೆಯ ಅನುಕೂಲದ ಮುಂದೆ ಪದ್ಯ ಸೋತಿದೆ.

ಊಟದ ಬಳಿಕ ಎತ್ತರದ ಹುಲ್ಲಿನ ಟೊಪ್ಪಿಗೆಗಳಲ್ಲಿ ಮುಖ ಮರೆಸಿಕೊಂಡ ಗುಂಪೊಂದು ನುಗ್ಗಿದರೆ ಗಾಬರಿಯಾಗಬೇಡಿ. ಅವರನ್ನು ಸ್ಟ್ರಾಬಾಯ್ಸ್ ಎನ್ನುತ್ತಾರೆ. ಪಶ್ಚಿಮದ ಹಳ್ಳಿಗಳಲ್ಲಿ ಕರೆಯದೆಯೇ ಬಂದು, ಮದುಮಗಳೊಡನೆ ಕುಣಿದು, ಶುಭ ಹಾರೈಸಿ ಹೋಗುವುದು ಅವರ ವಾಡಿಕೆಯಾಗಿತ್ತು. ಇಂದು ಬಹುಮಟ್ಟಿಗೆ ಮನೆಯವರೇ ಗುಟ್ಟಾಗಿ ಕರೆಸಿರುತ್ತಾರೆ. ಕೈ ಹಿಡಿದೆಳೆದರೆ ನೀವೂ ಕುಣಿಯಿರಿ.

ನಿಮ್ಮ ಆಮಂತ್ರಣ ಇಡೀ ದಿನದ್ದೋ ಅಥವಾ ‘ಆಫ್ಟರ್ಸ್’ ಎನ್ನುವ ರಾತ್ರಿಯ ಕುಣಿತಕ್ಕೆ ಮಾತ್ರವೋ ನೋಡಿಕೊಳ್ಳಿ, ಎರಡನೆಯದಾದರೆ ಊಟ ಮಾಡಿಯೇ ಹೊರಡಿ. ನಿಮ್ಮ ಮನೆಯವರು ಬಿಳಿ ಬಣ್ಣದ ಸೀರೆಯನ್ನು ಬಿಟ್ಟು ಬೇರೆ ಯಾವುದನ್ನು ಉಟ್ಟರೂ ಆದೀತು. ಉಡುಗೊರೆಯಾಗಿ ಹೆಚ್ಚಿನವರು ಶುಭಾಶಯ ಪತ್ರದೊಳಗೆ ಹಣವಿಟ್ಟು ಕೊಡುತ್ತಾರೆ; ಪತ್ರದ ಮೇಲೆ ನಿಮ್ಮ ಹೆಸರು ಬರೆಯುವುದನ್ನು ಮರೆಯಬೇಡಿ.