ಓದುಗರ ಪ್ರಶ್ನೆ: ಗರಸು ತೆಗೆದ ಹೊಂಡದಲ್ಲಿ ಮತ್ತೆ ಹುಲ್ಲು, ಮರ ಬೆಳೆಯಬೇಕಾದರೆ

ಪ್ರಶ್ನೆ: ರಸ್ತೆ ಕೆಲಸಕ್ಕೆಂದು ನಮ್ಮ ಹೊಲದ ಒಂದು ಎಕರೆಯಲ್ಲಿ ಗರಸು ತೆಗೆಸಿದ್ದೆವು. ಈಗ ಉಳಿದಿರುವುದು ನೇರ ಗೋಡೆಯ, 4 ಮೀಟರ್ ಆಳದ ಹೊಂಡ. ಎರಡು ಸಲ ಹೊಂಗೆ ಸಸಿ ನೆಟ್ಟರೂ ಎಲ್ಲ ಒಣಗಿದವು. ಹಳೇ ಕಟ್ಟಡದ ಅವಶೇಷ ತಂದು ತುಂಬಿಸಿಬಿಡಿ ಎಂದು ಕೆಲವರು ಹೇಳುತ್ತಿದ್ದಾರೆ. ಏನು ಮಾಡೋಣ?
— ರಾಣೆಬೆನ್ನೂರು ತಾಲ್ಲೂಕಿನ ಓದುಗರು

ಉತ್ತರ: ಅವಶೇಷ ತುಂಬಿಸಬೇಡಿ. ಗರಸಿನಲ್ಲಿ ನೀರು ಬೇಗ ಇಂಗುತ್ತದೆ. ಅವಶೇಷದ ಜೊತೆ ಬರುವ ಬಣ್ಣ, ಡಾಂಬರು, ಕಸದ ರಸವೂ ಅದೇ ದಾರಿಯಲ್ಲಿ ಇಳಿದು ಸುತ್ತಲಿನ ಬಾವಿ, ಬೋರ್‌ವೆಲ್ ಸೇರುತ್ತದೆ. ತುಂಬಿಸಿದ ನೆಲ ವರ್ಷಗಟ್ಟಲೆ ಅಲ್ಲಲ್ಲಿ ಕುಸಿಯುತ್ತಲೂ ಇರುತ್ತದೆ.

ಸಸಿ ಒಣಗಲು ಮುಖ್ಯ ಕಾರಣ ಬಿಗಿದ ತಳ. ಟಿಪ್ಪರ್, ಜೆಸಿಬಿ ಓಡಾಡಿದ ಗರಸು ರಸ್ತೆಯಷ್ಟೇ ಗಟ್ಟಿಯಾಗುತ್ತದೆ. ಅದರಲ್ಲಿ ಒಂದೂವರೆ ಅಡಿಯ ಗುಂಡಿ ತೋಡಿ ಸಸಿ ಇಟ್ಟರೆ ಬೇರು ಗುಂಡಿಯೊಳಗೇ ಸುತ್ತಿಕೊಳ್ಳುತ್ತದೆ. ಮಳೆಗಾಲದಲ್ಲಿ ನೀರು ನಿಂತು ಬೇರು ಕೊಳೆಯುತ್ತದೆ, ಉಳಿದದ್ದು ಬೇಸಿಗೆಗೆ ಸುಟ್ಟುಹೋಗುತ್ತದೆ. ಹಾಗಾಗಿ ಸಸಿ ನೆಡುವುದನ್ನು ಕೊನೆಗೆ ಇಟ್ಟುಕೊಳ್ಳಿ.

ಮೊದಲು ಗೋಡೆಗೆ ಇಳಿಜಾರು ಕೊಡಿಸಿ. 1 ಮೀಟರ್ ಎತ್ತರಕ್ಕೆ 3 ಮೀಟರ್ ಅಗಲದ ಇಳಿಜಾರಾದರೆ ಹುಲ್ಲು ಹಿಡಿಯುತ್ತದೆ, ದನಕರುಗಳೂ ಹತ್ತಿ ಇಳಿಯಬಹುದು. 4 ಮೀಟರ್ ಗೋಡೆಗೆ ಒಟ್ಟು 12 ಮೀಟರ್ ಬೇಕು. ಅಂಚಿನಿಂದ 6 ಮೀಟರ್ ಹಿಂದಕ್ಕೆ ಕಡಿದು, ಆ ಮಣ್ಣನ್ನು ಕೆಳಗೆ 6 ಮೀಟರ್ ಮುಂದಕ್ಕೆ ಹರಡಿದರೆ ಹೊರಗಿನಿಂದ ಮಣ್ಣು ತರಿಸಬೇಕಾಗಿಲ್ಲ. ಗೋಡೆಯ ಪ್ರತಿ ಮೀಟರ್ ಉದ್ದಕ್ಕೆ ಸುಮಾರು 6 ಘನ ಮೀಟರ್ ಕಡಿತ ಬರುತ್ತದೆ. ಜೆಸಿಬಿಯವರ ಜೊತೆ ದರ ಮಾತಾಡುವಾಗ ಈ ಲೆಕ್ಕ ಕೈಯಲ್ಲಿರಲಿ. ಕಡಿಯುವ ಆ 6 ಮೀಟರ್ ಪಟ್ಟಿಯ ಮೇಲ್ಮಣ್ಣನ್ನು ಮಾತ್ರ ಮೊದಲೇ ಕೆರೆದು ಬದಿಗಿಡಿ. ಪಕ್ಕದವರ ಬದು ಹತ್ತಿರವಿರುವ ಕಡೆ ಹಿಂದಕ್ಕೆ ಕಡಿಯಲಾಗದು. ಅಲ್ಲಿ ಹೊಂಡದ ಒಳಗಿನಿಂದಲೇ ಗೋಡೆಗೆ ಮಣ್ಣು ಒತ್ತುಕೊಟ್ಟು ಇಳಿಜಾರು ಮಾಡಿಸಿ.

ಹೊಸ ಅಂಚಿನಿಂದ 3 ಮೀಟರ್ ಆಚೆಗೆ ತಳದಗಲ 60 ಸೆಂ.ಮೀ., ಆಳ 45 ಸೆಂ.ಮೀ. ಇರುವ ಕಾಲುವೆ ತೆಗೆದು ಮೇಲಿನ ಹೊಲದ ನೀರನ್ನು ತಿರುಗಿಸಿ. ಹೊಂಡಕ್ಕೆ ನೀರು ಬೇಕೆಂದಿದ್ದರೆ ಕಲ್ಲು ಜೋಡಿಸಿದ ಒಂದೇ ಜಾಗದಲ್ಲಿ ಇಳಿಸಿ. ಈ ಕಾಲುವೆಯನ್ನು ಬಿಟ್ಟವರ ಇಳಿಜಾರು ಮೊದಲ ದೊಡ್ಡ ಮಳೆಗೇ ಕೊರಕಲು ಬೀಳುತ್ತದೆ, ಹಾಕಿದ ಮಣ್ಣೆಲ್ಲ ತಳಕ್ಕೆ ಬಂದು ಕೂರುತ್ತದೆ.

ಆಮೇಲೆ ರಿಪ್ಪರ್‌ನಿಂದ (ಗಟ್ಟಿ ನೆಲ ಸೀಳಲು ಯಂತ್ರಕ್ಕೆ ಜೋಡಿಸುವ ಉಕ್ಕಿನ ಹಲ್ಲು) ತಳವನ್ನು 45ರಿಂದ 60 ಸೆಂ.ಮೀ. ಆಳಕ್ಕೆ ಅಡ್ಡ, ಉದ್ದ ಎರಡೂ ದಿಕ್ಕಿಗೆ ಸೀಳಿಸಿ. ಏಪ್ರಿಲ್‌ನಲ್ಲಿ, ನೆಲ ಒಣಗಿರುವಾಗಲೇ ಮಾಡಿಸಬೇಕು. ಒಣ ಗರಸು ಒಡೆದು ಬಿರುಕು ಬಿಡುತ್ತದೆ. ಹಸಿಯಾಗಿದ್ದರೆ ರಿಪ್ಪರ್ ಹಲ್ಲು ಬರೀ ಗೀರು ಎಳೆದು ಹೋಗುತ್ತದೆ, ಪಕ್ಕದ ಮಣ್ಣು ಇನ್ನಷ್ಟು ಬಿಗಿಯುತ್ತದೆ.

ಒಂದು ಎಕರೆಗೆ 15 ಸೆಂ.ಮೀ. ದಪ್ಪ ಮಣ್ಣು ಹರಡಲು ಸುಮಾರು 600 ಘನ ಮೀಟರ್ ಬೇಕು; 3 ಘನ ಮೀಟರ್ ಹಿಡಿಯುವ ಟ್ರೇಲರ್‌ನಲ್ಲಿ 200 ಲೋಡ್. ಅಷ್ಟು ಸಿಗದಿದ್ದರೆ ಎಲ್ಲೆಡೆ ತೆಳ್ಳಗೆ ಹರಡಬೇಡಿ. ಅನುಮತಿ ಪಡೆದು ತಂದ ಕೆರೆ ಹೂಳನ್ನು ಕೊಟ್ಟಿಗೆ ಗೊಬ್ಬರದ ಜೊತೆ ಬೆರೆಸಿ, 60 ಸೆಂ.ಮೀ. ಉದ್ದಗಲ ಆಳದ ಗುಂಡಿಗಳಿಗೆ ಮತ್ತು ಇಳಿಜಾರಿನ ಅಡ್ಡ ಪಟ್ಟಿಗಳಿಗೆ ಮಾತ್ರ ಕೊಡಿ. ಹರಡಿದ ಮೇಲೆ ಅದರ ಮೇಲೆ ಯಂತ್ರ ಓಡಿಸಿದರೆ ಸೀಳಿಸಿದ್ದೆಲ್ಲ ವ್ಯರ್ಥ.

ಮೊದಲ ವರ್ಷ ಹುರುಳಿ (ಎಕರೆಗೆ 10 ಕೆ.ಜಿ.) ಅಥವಾ ಸೆಣಬು ಬಿತ್ತಿ, ಹೂ ಬಿಡುವಾಗ ಮಣ್ಣಿಗೆ ಸೇರಿಸಿ. ಗರಸಿನಲ್ಲಿ ಸಾರಜನಕ ಬಹಳ ಕಡಿಮೆ. ಇದನ್ನು ಬಿಟ್ಟು ಮುಂದಕ್ಕೆ ಹೋದರೆ ಸಸಿ ಹಳದಿಯಾಗಿಯೇ ನಿಲ್ಲುತ್ತದೆ. ಇಳಿಜಾರಿಗೆ ಅಡ್ಡಲಾಗಿ 15 ಸೆಂ.ಮೀ.ಗೊಂದರಂತೆ ಲಾವಂಚದ ತೆಂಡೆ ನೆಡಿ. ಎತ್ತರದಲ್ಲಿ ಒಂದು ಮೀಟರ್ ವ್ಯತ್ಯಾಸಕ್ಕೆ ಒಂದು ಸಾಲು ಸಾಕು. ನಡುವೆ ತೆಂಡೆ ಸತ್ತು ಸಂದಿ ಬಿದ್ದರೆ ನೀರೆಲ್ಲ ಅಲ್ಲೇ ನುಗ್ಗುತ್ತದೆ, ತಡಮಾಡದೆ ತುಂಬಿ. ಎರಡನೇ ಮಳೆಗಾಲಕ್ಕೆ 5 ಮೀಟರ್ ಅಂತರದಲ್ಲಿ ಹೊಂಗೆ, ಬೇವು, ಕಮರ, ಸೀತಾಫಲ ನೆಡಬಹುದು. ಎಕರೆಗೆ 160ರಷ್ಟು ಸಸಿ ಹಿಡಿಯುತ್ತವೆ. ಬಳ್ಳಾರಿ ಜಾಲಿ ಬೇಗ ಹಸಿರಾಗುತ್ತದೆ ನಿಜ, ಆದರೆ ಬೀಜ ದನದ ಹೊಟ್ಟೆಯಲ್ಲಿ ಸಾಗಿ ನಿಮ್ಮ ಹೊಲವನ್ನೂ ನೆರೆಯವರ ಹೊಲವನ್ನೂ ಹಿಡಿಯುತ್ತದೆ. ಅದು ಬೇಡವೇ ಬೇಡ.

ಪ್ರಶ್ನೆ: ನಾವು ಈಗಷ್ಟೇ ಪರವಾನಗಿ ಪಡೆದು ಗರಸು ತೆಗೆಯಲು ಹೊರಟಿದ್ದೇವೆ. ಮೊದಲೇ ಏನು ನೋಡಿಕೊಳ್ಳಬೇಕು?

ಉತ್ತರ: ಮೇಲ್ಮಣ್ಣು. ಮೊದಲ 15–30 ಸೆಂ.ಮೀ. ಮಣ್ಣನ್ನು ಬೇರೆಯಾಗಿ ಕೆರೆದು, ನೀರು ಹರಿಯದ ಜಾಗದಲ್ಲಿ ರಾಶಿ ಹಾಕಿ. ರಾಶಿಯ ಎತ್ತರ 2 ಮೀಟರ್ ಮೀರದಿರಲಿ. ಎತ್ತರವಾದರೆ ಒಳಗೆ ಗಾಳಿಯಾಡದೆ ಬೇರಿಗೆ ಬೇಕಾದ ಶಿಲೀಂಧ್ರ, ಎರೆಹುಳು ಸಾಯುತ್ತವೆ. ರಾಶಿಯ ಮೇಲೂ ಹುರುಳಿ ಎರಚಿ.

ಕಲ್ಲಿದ್ದಲು, ತೈಲ ಬಿಟ್ಟು ಉಳಿದ ಗಣಿಗಳಿಗೆ ಅನ್ವಯಿಸುವ 1961ರ ಮೆಟಾಲಿಫೆರಸ್ ಗಣಿ ನಿಯಮಾವಳಿಯ ಪ್ರಕಾರ ಗರಸಿನಂಥ ಸಡಿಲ ನೆಲದಲ್ಲಿ ಬದಿಯ ಇಳಿಜಾರು 45 ಡಿಗ್ರಿ ಮೀರಬಾರದು; ಇಲ್ಲವೇ 1.5 ಮೀಟರ್‌ಗಿಂತ ಎತ್ತರವಿಲ್ಲದ, ಎತ್ತರದಷ್ಟಾದರೂ ಅಗಲವಿರುವ ಮೆಟ್ಟಿಲುಗಳಿರಬೇಕು. ಗೋಡೆಯ ಬುಡ ಕೊರೆದು ಮೇಲಿನದನ್ನು ಉರುಳಿಸುವ ರೂಢಿ ಜೀವಕ್ಕೇ ಅಪಾಯ. 5 ಹೆಕ್ಟೇರ್‌ಗಿಂತ ಚಿಕ್ಕ ಗುತ್ತಿಗೆಗೂ ಪರಿಸರ ಅನುಮತಿ ಬೇಕೆಂದು ಸುಪ್ರೀಂ ಕೋರ್ಟ್ 2012ರಲ್ಲೇ ಹೇಳಿದೆ. ಗಣಿಗಾರಿಕೆ ಮುಗಿದ ಜಾಗದಲ್ಲಿ ಮತ್ತೆ ಹುಲ್ಲು ಬೆಳೆಸುವುದನ್ನು ಗುತ್ತಿಗೆಯ ಷರತ್ತಾಗಿಸಬೇಕೆಂದು 2020ರಲ್ಲಿ ಆದೇಶಿಸಿದೆ.

ಪ್ರಶ್ನೆ: ಹೊಂಡವನ್ನು ಕೃಷಿಹೊಂಡವಾಗಿ ಉಳಿಸಿಕೊಳ್ಳಬಹುದೆ?

ಉತ್ತರ: ಗರಸಿನಲ್ಲಿ ನೀರು ನಿಲ್ಲಬೇಕೆಂದರೆ ತಳಕ್ಕೂ ಬದಿಗೂ ಪ್ಲಾಸ್ಟಿಕ್ ಹಾಳೆ ಹಾಸಲೇಬೇಕು. ಇಂಗುಹೊಂಡವಾಗಿಸುವುದು ಹೆಚ್ಚು ಉಪಯುಕ್ತ. ನೀರು ಬರುವ ಬಾಯಲ್ಲಿ 2 ಮೀಟರ್ ಉದ್ದಗಲದ ಹೂಳುಗುಂಡಿ ಮಾಡಿ, ಪ್ರತಿ ಬೇಸಿಗೆಯಲ್ಲಿ ತೆಗೆಸಿ. ಹೂಳು ಒಳಗೆ ಹೋದರೆ ತಳ ಮುಚ್ಚಿಕೊಂಡು ಇಂಗುವುದೇ ನಿಲ್ಲುತ್ತದೆ. ಯಾವುದೇ ಆದರೂ ಒಂದು ಬದಿ ಹತ್ತಿ ಬರುವಂತೆ ಇಳಿಜಾರಾಗಿರಲಿ, ಸುತ್ತ ಬೇಲಿ ಇರಲಿ. ಕಡಿದಾದ ಹೊಂಡಕ್ಕೆ ಜಾರಿದ ಮಕ್ಕಳಿಗೆ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ.

ಪ್ರಶ್ನೆ: ಹೊಂಡದ ಗೋಡೆಯಲ್ಲಿ ಹಕ್ಕಿಗಳು ಬಿಲ ಕೊರೆದಿವೆ. ಇಳಿಜಾರು ಮಾಡಿದರೆ ಅವುಗಳ ಗತಿ?

ಉತ್ತರ: ಕಳ್ಳಿಪೀರ, ಮಿಂಚುಳ್ಳಿ ಇಂಥ ನೇರ ಮಣ್ಣಿನ ಗೋಡೆಯಲ್ಲೇ ಗೂಡು ಮಾಡುತ್ತವೆ. ಜನ ಓಡಾಡದ ಬದಿಯಲ್ಲಿ 8–10 ಮೀಟರ್ ಉದ್ದದ ಗೋಡೆಯನ್ನು ಹಾಗೇ ಬಿಟ್ಟು, ಮೇಲೆ ಮತ್ತು ಕೆಳಗೆ ಬೇಲಿ ಹಾಕಿ. ಬಿಲಗಳಿರುವ ಉಳಿದ ಗೋಡೆಯನ್ನು ಮರಿಗಳ ಕಾಲ ಮುಗಿದ ಮೇಲೆ, ಮುಂದಿನ ಚಳಿಗಾಲದಲ್ಲಿ ಕಡಿಸಿ.