ಎಮ್ಮಿ ಕಿವಿ ತಣ್ಣಗ, ಥರ್ಮಾಮೀಟರ್‌ನಾಗ 104: ಯಾವುದು ಖರೇ?

ಸಿಂದಗಿ ಅಣ್ಣಾರ, ಮುಂಜಾನೆ ಎಮ್ಮಿ ಕಿವಿ ಮುಟ್ಟಿದ್ರ ತಣ್ಣಗ ಐತಿ, ಥರ್ಮಾಮೀಟರ್ 104 ಡಿಗ್ರಿ ತೋರಸ್ತೈತಿ, ಯಾವುದು ನಂಬಬೇಕು ಅಂತ ಕೇಳೀರಿ. ಜ್ವರ ಐತೋ ಇಲ್ಲೋ ಅನ್ನೋದಕ್ಕ ಥರ್ಮಾಮೀಟರೇ ನಂಬ್ರಿ. ಕಿವಿ ಹೇಳೋದು ಬ್ಯಾರೆ ಸುದ್ದಿ.

ಕಿವ್ಯಾಗ ಮಾಂಸ ಕಡಿಮಿ, ರಕ್ತನಾಳ ಭಾಳ. ಮೈ ಎಷ್ಟು ಬಿಸಿ ಇರಬೇಕು ಅನ್ನೋದು ಮಿದುಳಿನ ಹೈಪೋಥಲಾಮಸ್ ಲೆಕ್ಕ. ಅದರ ಹುಕುಂ ಮಿದುಳಕಾಂಡಕ್ಕ ಇಳೀತೈತಿ, ಅಲ್ಲಿಂದ ಬೆನ್ನುಹುರಿ ಹಿಡಿದು, ರಕ್ತನಾಳ ಬಿಗಿ ಮಾಡೋ ಸಿಂಪಥೆಟಿಕ್ ನರಕ್ಕ ಹೋಗತೈತಿ. ನರದ ತುದಿಯಿಂದ ನಾರ್‌ಅಡ್ರಿನಲಿನ್ ಅನ್ನೋ ರಾಸಾಯನಿಕ ಬಂದ್ರ ನಾಳ ಬಿಗೀತಾವ, ಕಿವಿ ತಣ್ಣಗಾಗತೈತಿ. ಫ್ರಾನ್ಸಿನ ವಿಜ್ಞಾನಿ ಕ್ಲೋಡ್ ಬರ್ನಾರ್ 1851-52ರಾಗ ಮೊಲದ ಕುತ್ತಿಗ್ಯಾಗ ಒಂದ ಕಡೆ ಈ ನರ ಕತ್ತರಿಸಿದಾಗ, ಆ ಕಡೆ ಕಿವಿ ಬಿಸಿ ಆತು.

ಜ್ವರ ಏರೂ ಮುಂದ ಹೈಪೋಥಲಾಮಸ್ ಲೆಕ್ಕಾನ ಮ್ಯಾಲ ಹೋಗಿರತೈತಿ. ಮೈ 104 ಇದ್ರೂ ಮಿದುಳಿಗೆ ಅದು ಥಂಡಿನ. ಅದಕ್ಕ ನಾಳ ಬಿಗಿ, ಕೂದಲ ನೆಟ್ಟಗ, ತೊಡಿ ನಡುಕ. ನಿಮ್ಮ ಎಮ್ಮೀದು ಹಿಂಗ ಕಾಣತೈತಿ. ಈಗ ತಣ್ಣೀರು ಸುರಿದ್ರ ನಡುಕ ಹೆಚ್ಚಾಗತೈತಿ, ಸುರೀಬ್ಯಾಡ್ರಿ. ದನದ ಡಾಕ್ಟರ್ ಕೊಡೋ ಜ್ವರದ ಇಂಜೆಕ್ಷನ್ ಆ ಲೆಕ್ಕಾನ ಕೆಳಗ ಇಳಸ್ತೈತಿ, ಜ್ವರಕ್ಕ ಕಾರಣ ಏನಂತ ಅವರೇ ನೋಡಬೇಕು.

ಬಿಸಲು ಬಡದ್ರ ಉಲ್ಟಾ. ನಾಳ ಪೂರಾ ಸಡಿಲ, ಕಿವಿ ಕಾದಿರತೈತಿ, ನಾಲಿಗಿ ಹೊರಗ, ಜೊಲ್ಲು. ಎಮ್ಮಿಗೆ ಬೆವರಿನ ಗ್ರಂಥಿ ಕಡಿಮಿ, ತೊಗಲು ಕರಿ; ರಕ್ತ ಬಿಸೀನ ತೊಗಲಿನತನಕ ತಂದ್ರೂ ಅದು ಹೊರಗ ಹೋಗಾಕ ದಾರಿ ಕಡಿಮಿ. ಇಲ್ಲಿ ಜ್ವರದ ಇಂಜೆಕ್ಷನ್ ಉಪಯೋಗಿಲ್ಲ. ನೆರಳಿಗೆ ತಂದು ಮೈ ತೋಯಿಸಿ ಜೋರಾಗಿ ಫ್ಯಾನ್ ಹಚ್ರಿ, ಒಣಗಿದಂಗ ಮತ್ತ ನೀರು ಹಾಕ್ರಿ. ಹಸಿ ಗೋಣಿತಟ್ಟು ಹೊದಸೋದು ನಮ್ಮ ಕಡೆ ಭಾಳ ಐತಿ, ಅದು ದೊಡ್ಡ ತಪ್ಪು: ತಟ್ಟು ಕಾದ ಮ್ಯಾಲ ಗಾಳಿನೂ ತಡೀತೈತಿ. 103ಕ್ಕ ಇಳಿದ್ರ ನೀರು ನಿಲ್ಲಸ್ರಿ, ಮುಂದ ತಾನಾ ಇಳೀತೈತಿ.

ಈದು ಮೂರು ದಿನದೊಳಗಿನ ಎಮ್ಮಿ ಕಿವಿ ತಣ್ಣಗಾಗಿ, ಕುತ್ತಿಗಿ ಪಕ್ಕೀಗೆ ತಿರುವಿ ಮಲಗಿ, ಥರ್ಮಾಮೀಟರ್ 100ರ ಕೆಳಗ ತೋರಿಸಿದ್ರ ಕ್ಯಾಲ್ಸಿಯಂ ಕೊರತಿ ಇರಬಹುದು. ತಡಾ ಮಾಡಬ್ಯಾಡ್ರಿ, ಡಾಕ್ಟರ್‌ನ್ನ ಆಗಿಂದಾಗ ಕರೀರಿ. ಕ್ಯಾಲ್ಸಿಯಂ ರಕ್ತನಾಳಕ್ಕ ಸಾವಕಾಶ ಏರಸಬೇಕು, ಜೋರ ಬಿಟ್ರ ಹೃದಯ ನಿಲ್ಲಬಹುದು.

ಥರ್ಮಾಮೀಟರ್ ಹಚ್ಚೂಕಿಂತ ಮೊದಲ ಎಮ್ಮಿ ಅರ್ಧ ತಾಸು ನೆರಳಾಗಿರಲಿ. ಥರ್ಮಾಮೀಟರ್ ತುದಿ ಗುದದ್ವಾರದೊಳಗ ಗೋಡಿಗೆ ತಾಗಬೇಕು, ಹೆಂಡ್ಯಾಗ ಚುಚ್ಚಿದ್ರ ಕಡಿಮಿ ತೋರಸ್ತೈತಿ. ಎರಡು ನಿಮಿಷ ಹಿಡೀರಿ. 100ರಿಂದ 102 ಇದ್ರ ಸರಿ ಐತಿ.