ಗಂಡನ ತುಟಿ ಮೇಲಿನ ಗುಳ್ಳೆ, ಹೆಂಡ್ತಿಗೆ ಹರ್ಪಿಸ್: ಬಂದಿದ್ದು ಎಲ್ಲಿಂದ?

ಪ್ರಶ್ನೆ: ಡಾಕ್ಟ್ರೇ, ನಂಗೆ 27 ವರ್ಷ, ಮದ್ವೆ ಆಗಿ ಎರಡು ವರ್ಷ. ಹೋದ ತಿಂಗ್ಳು ಗುಪ್ತಾಂಗದ ಹತ್ರ ನೀರ್ಗುಳ್ಳೆ ಎದ್ದು ಮೂತ್ರ ಮಾಡೋಕೂ ಆಗದಷ್ಟು ಉರಿ, ಲೇಡಿ ಡಾಕ್ಟ್ರು ಗುಳ್ಳೆಯ ನೀರು ಟೆಸ್ಟ್ ಮಾಡ್ಸಿ ಹರ್ಪಿಸ್ ಟೈಪ್ 1 ಅಂದ್ರು. ಗಂಡ ದೇವ್ರಾಣೆ ಯಾರ ಹತ್ರನೂ ಹೋಗಿಲ್ಲ ಅಂತಾರೆ. ಅವ್ರಿಗೆ ತುಟಿ ಮೇಲೆ ಮಾತ್ರ ಆಗಾಗ ಜ್ವರದ ಗುಳ್ಳೆ ಬರುತ್ತೆ. ಛತ್ರದ ಟಾಯ್ಲೆಟ್‌ನಿಂದ ಬಂದಿರ್ಬಹುದಾ? ಅವ್ರನ್ನ ನಂಬ್ಲಾ?
– ಹೆಸರು ಬೇಡ, ದಾವಣಗೆರೆ

ಉತ್ತರ: ಟಾಯ್ಲೆಟ್ ಬಿಟ್ಟುಬಿಡಮ್ಮಾ, ಈ ವೈರಸ್ ಮೈಯಿಂದ ಹೊರಗೆ ಜಾಸ್ತಿ ಹೊತ್ತು ಬದುಕಲ್ಲ, ಚರ್ಮಕ್ಕೆ ಚರ್ಮ ಇಲ್ಲಾ ಎಂಜಲು ತಾಗ್ಬೇಕು. ನಂಗೆ ಅನುಮಾನ ಆ ತುಟಿ ಗುಳ್ಳೆ ಮೇಲೇ. ಜೇಡ ಹರಿದಿರ್ಬೇಕು ಅಂತ ತುಪ್ಪ ಸವರಿ ಸುಮ್ನಾಗ್ತೀವಲ್ಲ, ಬಹಳ ಸಲ ಅದೇ ಟೈಪ್ 1. ಚಿಕ್ಕವರಿದ್ದಾಗ ಮನೆಯವರು ಯಾರೋ ಮುದ್ದು ಮಾಡಿ ಮುತ್ತಿಟ್ಟಾಗ ಅಂಟಿರುತ್ತೆ, 50 ವರ್ಷದೊಳಗಿನ ಮೂವರಲ್ಲಿ ಹೆಚ್ಚುಕಮ್ಮಿ ಇಬ್ಬರಿಗೆ ಇದೆ ಅಂತ ವಿಶ್ವ ಆರೋಗ್ಯ ಸಂಸ್ಥೆನೇ ಅಂದಾಜು ಮಾಡಿದೆ, ಒಳಗೆ ಹೋದ್ಮೇಲೆ ನರದ ಬುಡದಲ್ಲಿ ಮಲಗಿದ್ದು ಜ್ವರ ಬಂದಾಗ, ಬಿಸಿಲಲ್ಲಿ ಅಲೆದಾಗ ಮತ್ತೆ ಮೇಲೇಳುತ್ತೆ. ಓರಲ್ ಸೆಕ್ಸ್ ಮಾಡಿದ್ರೆ ಬಾಯಲ್ಲಿದ್ದದ್ದು ಕೆಳಗೂ ಅಂಟುತ್ತೆ. ಜನಕ್ಕೆ ಗೊತ್ತಿಲ್ದೆ ಇರೋದು ಇದೇ, ಇನ್ನೊಂದು ಏನಂದ್ರೆ ಗುಳ್ಳೆ ಕಾಣದ ದಿನಗಳಲ್ಲೂ ವೈರಸ್ ಸ್ವಲ್ಪ ಸ್ವಲ್ಪ ಹೊರಗೆ ಬರ್ತಾನೇ ಇರುತ್ತೆ, ಹಾಗಾಗಿ ಕೊಟ್ಟವ್ರಿಗೇ ಕೊಟ್ಟಿದ್ದು ಗೊತ್ತಿರಲ್ಲ.

ಸಾಮಾನ್ಯವಾಗಿ ಅಂಟಿದ 2ರಿಂದ 12 ದಿನದಲ್ಲಿ ಗುಳ್ಳೆ ಏಳುತ್ತೆ, ಆದ್ರೆ ಕೆಲವ್ರಿಗೆ ವರ್ಷಗಟ್ಲೆ ಏನೂ ಕಾಣಲ್ಲ, ಅದಕ್ಕೇ ಯಾರಿಂದ, ಯಾವಾಗ ಅಂತ ಯಾವ ಬ್ಲಡ್ ಟೆಸ್ಟೂ ಹೇಳಲ್ಲ. ಗಂಡನಿಗೆ ಕ್ಯಾರೆಕ್ಟರ್ ಸರ್ಟಿಫಿಕೇಟ್ ಕೊಡೋದು ನನ್ನ ಕೆಲ್ಸ ಅಲ್ಲ, ಆದ್ರೆ ಈ ರಿಪೋರ್ಟ್ ಇಟ್ಕೊಂಡು ಜಗಳ ಆಡೋಕೆ ಆಧಾರ ಇಲ್ಲ.

ಇನ್ಮೇಲೆ ತುಟಿ ಚುರುಚುರು ಅನ್ನೋಕೆ ಶುರುವಾದ ದಿನದಿಂದ ಚಕ್ಕೆ ಉದುರಿ ಚರ್ಮ ಪೂರ್ತಿ ವಾಸಿಯಾಗೋವರೆಗೂ ಮುತ್ತು, ಓರಲ್ ಸೆಕ್ಸ್ ಎರಡೂ ಬೇಡ. ಕೆಳಗೆ ಗುಳ್ಳೆ ಇದ್ದಾಗ ಸೇರೋದೇ ಬೇಡ. ಕಾಂಡೋಮ್ ಅಪಾಯ ಕಮ್ಮಿ ಮಾಡುತ್ತೆ, ಅದು ಮುಚ್ಚದ ಜಾಗದಿಂದ ಅಂಟಬಹುದು. ವೈರಸ್ ಪೂರ್ತಿ ಹೋಗಲ್ಲ, ಪದೇ ಪದೇ ಬಂದ್ರೆ ಅಸೈಕ್ಲೊವಿರ್ ಥರದ ಮಾತ್ರೆ ಇದೆ, ಡಾಕ್ಟ್ರನ್ನ ಕೇಳಿ. ಬಸುರಿ ಆದಾಗ ಈ ವಿಷ್ಯ ಮುಚ್ಚಿಡ್ಬೇಡಿ, ಹೆರಿಗೆ ಟೈಮಲ್ಲಿ ಗುಳ್ಳೆ ಇದ್ರೆ ಸಿಸೇರಿಯನ್ ಮಾಡ್ಬೇಕಾಗ್ಬಹುದು. ತುಟಿ ಗುಳ್ಳೆ ಇದ್ದವ್ರು, ಅಪ್ಪನೇ ಆಗಿರ್ಲಿ ಅಜ್ಜಿನೇ ಆಗಿರ್ಲಿ, ಬಾಣಂತಿ ಕೋಣೆಗೆ ಹೋಗಿ ಕೂಸಿಗೆ ಮುತ್ತಿಡೋದು ಬೇಡವೇ ಬೇಡ, ಹಸುಗೂಸಿಗೆ ಇದು ಪ್ರಾಣಕ್ಕೇ ಬರುತ್ತೆ.

ಪ್ರಶ್ನೆ: ಅಪ್ಪನಿಗೆ ಸೊಂಟದ ಒಂದು ಕಡೆ ಗುಳ್ಳೆ, ಚೀಟಿಲಿ ಹರ್ಪಿಸ್ ಜೋಸ್ಟರ್ ಅಂತಿದೆ. ಗೂಗಲ್ ಮಾಡಿ ಅಮ್ಮ ಅಳ್ತಾ ಕೂತಿದ್ದಾರೆ.
– ಸಾಗರದ ಓದುಗ

ಉತ್ತರ: ಅಮ್ಮಂಗೆ ಅದು ಸರ್ಪಸುತ್ತು ಅಂತ ಹೇಳಿ, ಲೈಂಗಿಕ ಕಾಯಿಲೆ ಅಲ್ಲ. ಹಿಂದೆ ಯಾವಾಗ್ಲೋ ಬಂದಿದ್ದ ಚಿಕನ್‌ಪಾಕ್ಸ್ ವೈರಸ್ಸೇ ಎದ್ದಿರೋದು. ಗುಳ್ಳೆ ನೀರು ತಾಗಿದ್ರೆ ಚಿಕನ್‌ಪಾಕ್ಸ್ ಆಗದವ್ರಿಗೆ ಚಿಕನ್‌ಪಾಕ್ಸ್ ಬರಬಹುದು, ಬಟ್ಟೆ ಮುಚ್ಚಿರ್ಲಿ, ಬಸುರಿಯರು ದೂರ ಇರ್ಲಿ. ಕೆಮ್ಮಣ್ಣು ಹಚ್ಚಿ ಕಾಯ್ಬೇಡಿ, ಗುಳ್ಳೆ ಎದ್ದ ಮೂರು ದಿನದೊಳಗೆ ಮಾತ್ರೆ ಶುರುವಾದ್ರೆ ಒಳ್ಳೇದು.